ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್: ಹೊಣೆಯನ್ನು ಹಂಚುವ ವಿದ್ಯೆ

ಗಣಕ ವಿಜ್ಞಾನವನ್ನು ಅಭ್ಯಾಸ ಮಾಡಬೇಕೆಂದು ಕಾಲೇಜಿಗೆ ಸೇರಿದ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿ ಸಿ ಭಾಷೆಯನ್ನು ಕಲಿತು, ಗಣಕಕ್ಕೆ ಒಂದಾದ ಮೇಲೊಂದು ಆಜ್ಞೆಯನ್ನು ಕೊಟ್ಟು ಕೆಲಸ ಮಾಡಿಸುವ ಕ್ರಮವು ತಮಗೆ ವಶವಾಯಿತೆಂದು ಧೈರ್ಯಗೊಳ್ಳುವ ಹೊತ್ತಿಗೆ, ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂಬ ಮತ್ತೊಂದು ಪದ್ಧತಿಯು ಅವರ ಇದಿರಿಗೆ ಬಂದು ನಿಲ್ಲುತ್ತದೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಅದು ಮೂರನೆಯ ಸೆಮಿಸ್ಟರಿನಲ್ಲಿ ಜಾವಾ ಭಾಷೆಯ ಮೂಲಕ ಬರುತ್ತದೆ. ನಮ್ಮ ದ್ವಿತೀಯ ಪಿಯುಸಿಯ ಗಣಕ ವಿಜ್ಞಾನದ ಪಠ್ಯದಲ್ಲಿಯೂ ಅದರ ಮೂಲಪಾಠಗಳು ಸಿ ಪ್ಲಸ್ ಪ್ಲಸ್ ಭಾಷೆಯ ಮೂಲಕ ಬಹು ವರ್ಷಗಳ ಕಾಲ ಬೋಧಿಸಲ್ಪಟ್ಟವು. ವಿದ್ಯಾರ್ಥಿಗಳ ಬಾಯಲ್ಲಿ ಅದರ ಹೆಸರು ಊಪ್ಸ್. ಪರೀಕ್ಷೆಗಾಗಿ ಅವರು ಎನ್‌ಕ್ಯಾಪ್ಸುಲೇಷನ್, ಅಬ್‌ಸ್ಟ್ರ್ಯಾಕ್ಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ ಎಂಬ ನಾಲ್ಕು ಸಂಜ್ಞೆಗಳನ್ನು ಲಕ್ಷಣಸಹಿತವಾಗಿ ಕಂಠಪಾಠ ಮಾಡುತ್ತಾರೆ; ಉತ್ತೀರ್ಣರೂ ಆಗುತ್ತಾರೆ. ಆದರೆ ಆ ನಾಲ್ಕು ಲಕ್ಷಣಗಳನ್ನು ಲೋಪವಿಲ್ಲದೆ ಬರೆದ ವಿದ್ಯಾರ್ಥಿಗೇ ಒಂದು ಸಣ್ಣ ಸಮಸ್ಯೆಯನ್ನು ಕೊಟ್ಟು, ಇದಕ್ಕೆ ಬೇಕಾದ ಕ್ಲಾಸುಗಳು ಯಾವುವು, ಯಾವ ಕೆಲಸವನ್ನು ಯಾವುದಕ್ಕೆ ಒಪ್ಪಿಸಬೇಕು ಎಂದು ಕೇಳಿದರೆ, ಉತ್ತರವು ಸುಲಭವಾಗಿ ಹೊರಡುವುದಿಲ್ಲ. ಲಕ್ಷಣಜ್ಞಾನಕ್ಕೂ ರಚನಾಜ್ಞಾನಕ್ಕೂ ನಡುವಣ ಈ ಅಂತರವು ಏತರಿಂದ ಉಂಟಾಯಿತು, ಅದನ್ನು ದಾಟುವ ಬಗೆ ಹೇಗೆ ಎಂಬುದೇ ಈ ಲೇಖನದ ವಿಚಾರ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆನು. ಈ ಪದ್ಧತಿಯ ಸಾರವೆಲ್ಲವೂ ಹೊಣೆಯ ಹಂಚಿಕೆಯಲ್ಲಿದೆ. ಒಂದು ದೊಡ್ಡ ಕಾರ್ಯವನ್ನು ಕೈಗೊಂಡಾಗ, ಯಾವ ಸಂಗತಿಯನ್ನು ಯಾರು ತಿಳಿದಿರಬೇಕು, ಯಾವ ಕೆಲಸಕ್ಕೆ ಯಾರು ಉತ್ತರವಾದಿಗಳು, ಯಾರು ಯಾರನ್ನು ಏನೆಂದು ಕೇಳಬಹುದು ಎಂಬ ವ್ಯವಸ್ಥೆಯನ್ನು ವಿವೇಕದಿಂದ ಏರ್ಪಡಿಸುವುದೇ ಇಲ್ಲಿಯ ವಿದ್ಯೆ. ಆ ನಾಲ್ಕು ಸಂಜ್ಞೆಗಳು ಈ ಏರ್ಪಾಡಿನಿಂದ ಹುಟ್ಟಿದ ಫಲಗಳು. ಫಲವನ್ನು ಮೊದಲು ತೋರಿಸಿ ಬೇರನ್ನು ತೋರಿಸದೆ ಹೋದುದರಿಂದ ಪಾಠವು ಕಠಿಣವಾಯಿತು.

ಯಾವ ಕಾಲೇಜಿನಲ್ಲಿಯೂ ಇರುವ ಗ್ರಂಥಾಲಯವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಪುಸ್ತಕಗಳನ್ನು ಎರವಲು ಕೊಡುವ, ಹಿಂದಕ್ಕೆ ಪಡೆಯುವ, ತಡವಾದರೆ ದಂಡವನ್ನು ಲೆಕ್ಕ ಹಾಕುವ ಒಂದು ಪ್ರೋಗ್ರಾಮನ್ನು ಮೊದಲ ವರ್ಷದ ರೀತಿಯಲ್ಲಿ ಬರೆಯಹೊರಟರೆ, ಪುಸ್ತಕಗಳ ಹೆಸರುಗಳದೊಂದು ಪಟ್ಟಿ, ಅವು ಯಾರ ಕೈಯಲ್ಲಿವೆಯೆಂಬುದಕ್ಕೆ ಇನ್ನೊಂದು, ಹಿಂದಿರುಗಿಸಬೇಕಾದ ದಿನಾಂಕಗಳಿಗೆ ಮತ್ತೊಂದು, ಹೀಗೆ ಮಾಹಿತಿಯು ಒಂದು ಕಡೆ ಸಾಲುಸಾಲಾಗಿ ನಿಲ್ಲುತ್ತದೆ; ಅದರ ಮೇಲೆ ಕೆಲಸ ನಡೆಸುವ ಫಂಕ್ಷನ್ನುಗಳು ಬೇರೊಂದು ಕಡೆ ನಿಲ್ಲುತ್ತವೆ. ಪ್ರೋಗ್ರಾಮು ನೂರು ಸಾಲುಗಳಷ್ಟಿರುವ ತನಕ ಈ ಕ್ರಮದಲ್ಲಿ ಯಾವ ದೋಷವೂ ಕಾಣದು. ಅದು ಸಾವಿರಾರು ಸಾಲುಗಳಿಗೆ ಬೆಳೆದು, ಹಲವರು ಸೇರಿ ಬರೆಯುವಂತಾದಾಗ, ದಂಡವನ್ನು ಲೆಕ್ಕ ಹಾಕಬೇಕಾದ ಫಂಕ್ಷನ್ನು ಅರಿಯದೆ ದಿನಾಂಕವನ್ನು ತಿದ್ದಿಬಿಡಬಹುದು. ಒಂದು ಪಟ್ಟಿಯಿಂದ ಪುಸ್ತಕವನ್ನು ತೆಗೆದುಹಾಕಿದವರು ಇನ್ನೊಂದು ಪಟ್ಟಿಯನ್ನು ಮರೆಯಬಹುದು. ಎಲ್ಲರ ಕೈಯೂ ಎಲ್ಲ ಮಾಹಿತಿಗೂ ನಿಲುಕುವುದರಿಂದ, ತಪ್ಪು ಕಂಡುಬಂದ ದಿನ ಅದರ ಕರ್ತೃವನ್ನು ಹುಡುಕುವುದಕ್ಕೆ ಇಡೀ ಪ್ರೋಗ್ರಾಮನ್ನೇ ಶೋಧಿಸಬೇಕಾಗುವುದು.

ಈ ತೊಡಕಿಗೆ ಪರಿಹಾರದ ಮೊದಲ ರೂಪವು ನಾರ್ವೆ ದೇಶದ ಓಸ್ಲೋ ನಗರದಲ್ಲಿ ಕಾಣಿಸಿಕೊಂಡಿತು. ಅಲ್ಲಿಯ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಕ್ರಿಸ್ಟೆನ್ ನ್ಯುಗಾರ್ಡ್ ಮತ್ತು ಓಲೆ-ಯೋಹಾನ್ ಡಾಲ್ ಎಂಬ ಇಬ್ಬರು, ಸರತಿಯ ಸಾಲು, ವಾಹನಸಂಚಾರ ಮೊದಲಾದ ಲೋಕವ್ಯವಹಾರಗಳನ್ನು ಗಣಕದೊಳಗೆ ಅನುಕರಿಸಿ ನೋಡುವುದಕ್ಕಾಗಿ, 1960ರ ದಶಕದಲ್ಲಿ ಸಿಮ್ಯುಲಾ ಎಂಬ ಭಾಷೆಯನ್ನು ನಿರ್ಮಿಸಿದರು. ಲೋಕದಲ್ಲಿ ಬಸ್ಸು ಬೇರೆ, ಅದರ ವೇಗ ಬೇರೆ, ಅದರ ನಡೆ ಬೇರೆ ಎಂದು ಚದುರಿಹೋಗಿರುವುದಿಲ್ಲ. ತನ್ನ ಸ್ಥಿತಿಯನ್ನು ತಾನೇ ಹೊತ್ತುಕೊಂಡು, ತನ್ನ ನಡೆಯನ್ನು ತಾನೇ ನಡೆಸುವ ಒಂದು ವಸ್ತುವಾಗಿ ಅದು ಇರುತ್ತದೆ. ಪ್ರೋಗ್ರಾಮಿನೊಳಗೂ ಅದು ಹಾಗೆಯೇ ಇರಲಿ ಎಂಬುದು ಅವರ ಕಾಣ್ಕೆ. 1967ರಲ್ಲಿ ಪ್ರಕಟವಾದ ಸಿಮ್ಯುಲಾ 67ರಲ್ಲಿ ಕ್ಲಾಸು, ಆಬ್ಜೆಕ್ಟು, ಇನ್‌ಹೆರಿಟೆನ್ಸು ಮೂರೂ ಸ್ಪಷ್ಟ ರೂಪವನ್ನು ತಳೆದಿದ್ದವು. ಬಳಿಕ ಅಮೆರಿಕದ ಪಾಲೋ ಆಲ್ಟೋದಲ್ಲಿನ ಜೆರಾಕ್ಸ್ ಸಂಶೋಧನಾಲಯದಲ್ಲಿ, ಜೀವಶಾಸ್ತ್ರವನ್ನೂ ಓದಿಕೊಂಡಿದ್ದ ಅಲನ್ ಕೇ ಅವರು, ಪರಸ್ಪರ ಸಂದೇಶಗಳನ್ನು ಕಳುಹಿಸಿಕೊಳ್ಳುವ ಜೀವಕೋಶಗಳ ಮಾದರಿಯಲ್ಲಿ ಆಬ್ಜೆಕ್ಟುಗಳನ್ನು ಭಾವಿಸಿ, ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರೊಡನೆ 1972ರಿಂದ ಸ್ಮಾಲ್‌ಟಾಕ್ ಭಾಷೆಯನ್ನು ಬೆಳೆಸಿದರು. ಕೇಂಬ್ರಿಜ್ಜಿನಲ್ಲಿ ಸಂಶೋಧನೆ ನಡೆಸುತ್ತಿದ್ದಾಗ ಸಿಮ್ಯುಲಾವನ್ನು ಬಳಸಿ ಮೆಚ್ಚಿದ್ದ ಬ್ಯಾರ್ನ್ ಸ್ಟ್ರೌಸ್ಟ್ರುಪ್ ಅವರು 1979ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಸಿ ಭಾಷೆಗೆ ಕ್ಲಾಸುಗಳನ್ನು ಸೇರಿಸಲಾರಂಭಿಸಿದರು. 1983ರಲ್ಲಿ ಅದಕ್ಕೆ ಸಿ ಪ್ಲಸ್ ಪ್ಲಸ್ ಎಂದು ಹೆಸರಾಯಿತು. ಜೇಮ್ಸ್ ಗೋಸ್ಲಿಂಗ್ ಅವರ ಮುಂದಾಳುತನದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ರೂಪಿಸಿದ ಜಾವಾ 1995ರಲ್ಲಿ ಹೊರಬಂದಿತು. ಇಂದು ತರಗತಿಯಲ್ಲಿ ಒಂದೇ ಸೆಮಿಸ್ಟರಿನ ಪಾಠವಾಗಿ ಕಾಣುವುದರ ಹಿಂದೆ ಇಷ್ಟು ದೀರ್ಘವಾದ ಚಿಂತನೆಯಿದೆ.

ಈಗ ನಮ್ಮ ಗ್ರಂಥಾಲಯಕ್ಕೆ ಮರಳೋಣ. ಕ್ಲಾಸು ಎಂಬುದು ಒಂದು ಬಗೆಯ ವಸ್ತುಗಳೆಲ್ಲಕ್ಕೂ ಸಮಾನವಾದ ವಿವರಣೆ. ಆ ವಿವರಣೆಗೆ ಅನುಸಾರವಾಗಿ ಗಣಕದ ಮೆಮೊರಿಯಲ್ಲಿ ನಿರ್ಮಿತವಾಗುವ ಒಂದೊಂದು ವ್ಯಕ್ತಿಯೂ ಆಬ್ಜೆಕ್ಟು. ಮಾತಿನಲ್ಲಿ ಇದು ಸರಳ. ಆಚರಣೆಯಲ್ಲಿ ಮೊದಲ ಎಡವು ಇಲ್ಲಿಯೇ. ಗ್ರಂಥಾಲಯದಲ್ಲಿ ಒಂದೇ ಕಾದಂಬರಿಯ ಐದು ಪ್ರತಿಗಳಿವೆ ಎಂದುಕೊಳ್ಳೋಣ. ಕಾದಂಬರಿಯು ಕ್ಲಾಸು, ಐದು ಪ್ರತಿಗಳು ಅದರ ಆಬ್ಜೆಕ್ಟುಗಳು ಎಂದು ಅನೇಕ ವಿದ್ಯಾರ್ಥಿಗಳು ಉತ್ತರಿಸುವರು. ಕೇಳುವುದಕ್ಕೆ ಅದು ಸರಿಯೆಂದೇ ತೋರುವುದು. ಆದರೆ ಹಾಗಾದಲ್ಲಿ ಗ್ರಂಥಾಲಯಕ್ಕೆ ಹೊಸ ಕೃತಿಯೊಂದು ಬಂದಾಗಲೆಲ್ಲ ಹೊಸ ಕ್ಲಾಸನ್ನು ಬರೆಯಬೇಕಾದೀತು. ವಿಚಾರ ಮಾಡಿದರೆ ಇಲ್ಲಿ ಎರಡು ಕ್ಲಾಸುಗಳಿರಬೇಕೆಂದು ತಿಳಿಯುವುದು: ಹೆಸರು, ಲೇಖಕರು, ಪ್ರಕಾಶಕರು ಇವುಗಳನ್ನು ಬಲ್ಲ ಕೃತಿ ಎಂಬುದೊಂದು, ನೋಂದಣಿ ಸಂಖ್ಯೆಯನ್ನೂ ತಾನು ಈಗ ಯಾರ ಬಳಿ ಇದ್ದೇನೆಂಬುದನ್ನೂ ಬಲ್ಲ ಪ್ರತಿ ಎಂಬುದೊಂದು. ಆ ಕಾದಂಬರಿಯು ಕೃತಿ ಎಂಬ ಕ್ಲಾಸಿನ ಒಂದು ಆಬ್ಜೆಕ್ಟು. ಕಪಾಟಿನಲ್ಲಿರುವ ಐದೂ ಪ್ರತಿ ಎಂಬ ಕ್ಲಾಸಿನ ಐದು ಆಬ್ಜೆಕ್ಟುಗಳು. ಆ ಐದೂ ತಮ್ಮ ಕೃತಿ ಯಾವುದೆಂದು ಕೇಳಿದರೆ ಅದೊಂದನ್ನೇ ತೋರಿಸುವುವು. ಈ ವಿವೇಚನೆಯನ್ನು ವಿದ್ಯಾರ್ಥಿಯು ಸ್ವಂತವಾಗಿ ಮಾಡಿದ ದಿನ ಪಾಠದ ಅರ್ಧ ಭಾಗವು ಕೈಸೇರಿತೆಂದು ಹೇಳಬಹುದು.

ಇದೇ ಉದಾಹರಣೆಯಿಂದ ಮತ್ತೊಂದು ಸೂಕ್ಷ್ಮವೂ ಬೆಳಕಿಗೆ ಬರುತ್ತದೆ. ಒಂದೇ ಕೃತಿಯ ಎರಡು ಪ್ರತಿಗಳು ಅಕ್ಷರಕ್ಕೆ ಅಕ್ಷರ ಸಮವಾಗಿರಬಹುದು. ಆದರೂ ಅವು ಎರಡು. ಸಾಮ್ಯ ಬೇರೆ, ಅಭೇದ ಬೇರೆ. ಜಾವಾದಲ್ಲಿ ಎರಡು ಸಮಚಿಹ್ನೆಗಳನ್ನು ಒತ್ತಾಗಿ ಬರೆದು ಆಬ್ಜೆಕ್ಟುಗಳನ್ನು ಹೋಲಿಸಿದರೆ, ಇವೆರಡೂ ಒಂದೇ ವಸ್ತುವೇ ಎಂದು ಕೇಳಿದಂತಾಗುವುದು. ಇವೆರಡೂ ಸಮಾನವೇ ಎಂದು, ಕ್ಲಾಸಿನ ಕರ್ತೃವು ನಿಯಮಿಸಿದ ಅರ್ಥದಲ್ಲಿ, ಕೇಳುವುದಕ್ಕೆ ಈಕ್ವಲ್ಸ್ ಎಂಬ ಮೆಥಡ್ಡು, ಎಂದರೆ ಕ್ಲಾಸಿನೊಳಗೇ ಬರೆದ ಫಂಕ್ಷನ್ನು, ಪ್ರತ್ಯೇಕವಾಗಿದೆ. ಇದನ್ನರಿಯದೆ ಎರಡು ಹೆಸರುಗಳನ್ನು ಸಮಚಿಹ್ನೆಗಳಿಂದ ಹೋಲಿಸಿ, ಅಕ್ಷರಗಳೆಲ್ಲ ಹೊಂದಿದರೂ ಉತ್ತರವು ಇಲ್ಲವೆಂದು ಏಕೆ ಬಂದಿತೆಂದು ಚಿಂತಿಸದಿರುವ ವಿದ್ಯಾರ್ಥಿ ವಿರಳ. ಹಾಗೆಯೇ, ಒಂದು ವೇರಿಯಬಲ್ಲಿನಲ್ಲಿರುವ ಆಬ್ಜೆಕ್ಟನ್ನು ಇನ್ನೊಂದು ವೇರಿಯಬಲ್ಲಿಗೆ ಕೊಟ್ಟ ಮಾತ್ರಕ್ಕೆ ಹೊಸ ಆಬ್ಜೆಕ್ಟು ಹುಟ್ಟುವುದಿಲ್ಲ; ಒಂದೇ ವಸ್ತುವಿಗೆ ಎರಡು ಹೆಸರುಗಳಾದವಷ್ಟೆ; ಒಂದು ಹೆಸರಿನಿಂದ ಮಾಡಿದ ಬದಲಾವಣೆಯು ಇನ್ನೊಂದರ ಮೂಲಕವೂ ಕಾಣಿಸುವುದು. ಈ ಅಂಶವನ್ನು ಮಾತಿನಿಂದ ವಿವರಿಸುವುದಕ್ಕಿಂತ, ಹಾಳೆಯ ಮೇಲೆ ಆಬ್ಜೆಕ್ಟುಗಳಿಗೆ ಚೌಕಗಳನ್ನೂ ವೇರಿಯಬಲ್ಲುಗಳಿಂದ ಅವುಗಳಿಗೆ ಬಾಣಗಳನ್ನೂ ಬರೆದು, ಪ್ರೋಗ್ರಾಮಿನ ಒಂದೊಂದು ಸಾಲಿಗೂ ಚಿತ್ರವನ್ನು ತಿದ್ದುತ್ತ ಹೋಗುವುದು ಮೇಲು. ಪೆನ್ಸಿಲಿನಿಂದ ಮಾಡುವ ಈ ಅಭ್ಯಾಸಕ್ಕೆ ಬದಲಿಯಾದುದು ಯಾವುದೂ ಇಲ್ಲ.

ಎನ್‌ಕ್ಯಾಪ್ಸುಲೇಷನ್ ಎಂಬುದು ಹೊಣೆಗೆ ತಕ್ಕ ಅಧಿಕಾರವನ್ನು ಕೊಡುವ ನಿಯಮ. ಪ್ರತಿಯು ಯಾರ ಬಳಿ ಇದೆಯೆಂಬ ಮಾಹಿತಿಗೆ ಪ್ರತಿಯೇ ಹೊಣೆಯಾದರೆ, ಅದನ್ನು ಬದಲಿಸುವ ಅಧಿಕಾರವೂ ಅದಕ್ಕೆ ಮಾತ್ರ ಇರತಕ್ಕದ್ದು. ಹೊರಗಿನವರು ಅದನ್ನು ಎರವಲು ಕೊಡು ಎಂದು ಕೇಳಬಹುದು. ತಾನು ಆಗಲೇ ಬೇರೊಬ್ಬರ ಬಳಿ ಇದ್ದೇನೆಯೇ, ಕೇಳಿದ ಸದಸ್ಯರ ಮಿತಿಯು ಮುಗಿದಿದೆಯೇ ಎಂದು ಪರೀಕ್ಷಿಸಿ, ಒಪ್ಪುವುದೂ ನಿರಾಕರಿಸುವುದೂ ಅದರ ಕೆಲಸ. ನಮ್ಮ ತರಗತಿಗಳಲ್ಲಿ ಈ ಪಾಠವು ಬಹುಮಟ್ಟಿಗೆ ಬಾಹ್ಯಾಚಾರವಾಗಿ ಇಳಿದಿರುವುದು ವಿಷಾದದ ಸಂಗತಿ. ಕ್ಲಾಸಿನ ಎಲ್ಲ ಮಾಹಿತಿಗೂ ಪ್ರೈವೇಟ್ ಎಂಬ ಮುದ್ರೆಯನ್ನು ಒತ್ತಿ, ಅದರ ಬೆನ್ನಿಗೇ ಪ್ರತಿಯೊಂದಕ್ಕೂ ಅದನ್ನು ಓದಿ ಹೇಳುವ ಒಂದು ಗೆಟ್ಟರ್, ಅದನ್ನು ಬದಲಿಸುವ ಒಂದು ಸೆಟ್ಟರ್ ಮೆಥಡ್ಡುಗಳನ್ನು ಯಾಂತ್ರಿಕವಾಗಿ ಬರೆದುಬಿಟ್ಟರೆ, ಮುಂಬಾಗಿಲಿಗೆ ಬೀಗ ಹಾಕಿ ಹಿಂಬಾಗಿಲನ್ನು ತೆರೆದಿಟ್ಟಂತಾಯಿತು. ಯಾರು ಬೇಕಾದರೂ ಬಂದು ದಿನಾಂಕವನ್ನು ತಿದ್ದಿ ಹೋಗಬಹುದು. ಡೇವಿಡ್ ಪಾರ್ನಸ್ ಅವರು 1972ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ, ಪ್ರೋಗ್ರಾಮನ್ನು ಭಾಗಗಳಾಗಿ ಒಡೆಯುವಾಗ ಮುಂದೆ ಬದಲಾಗಬಹುದಾದ ನಿರ್ಧಾರಗಳನ್ನು ಗುರುತಿಸಿ, ಅಂತಹ ಒಂದೊಂದನ್ನೂ ಒಂದೊಂದು ಭಾಗದೊಳಗೆ ಅಡಗಿಸಿಡಬೇಕೆಂಬ ತತ್ತ್ವವನ್ನು ಪ್ರತಿಪಾದಿಸಿದರು. ಎರವಲಿನ ಗಡುವು 14 ದಿನಗಳಿಂದ 21 ದಿನಗಳಿಗೆ ಏರಿದಾಗ ಪ್ರೋಗ್ರಾಮಿನ ಎಷ್ಟು ಕಡೆ ಕೈ ಹಾಕಬೇಕಾಯಿತೆಂದು ಎಣಿಸಿ ನೋಡಿದರೆ, ಹೊಣೆಯನ್ನು ಸರಿಯಾಗಿ ಹಂಚಲಾಗಿದೆಯೇ ಇಲ್ಲವೇ ಎಂಬುದು ತಾನೇ ಗೊತ್ತಾಗುವುದು.

ಇನ್ನು ಇನ್‌ಹೆರಿಟೆನ್ಸು. ಡಾಲ್ ಮತ್ತು ನ್ಯುಗಾರ್ಡ್ ಅವರಿಗೆ ಇದು ಹೊಳೆದುದು ಸೇತುವೆಯ ಮೇಲಣ ಸುಂಕದ ಕಟ್ಟೆಯೊಂದನ್ನು ಅನುಕರಿಸುವ ಸಂದರ್ಭದಲ್ಲಿ. ಅಲ್ಲಿ ಸಾಲಿನಲ್ಲಿ ನಿಲ್ಲುವ ಲಾರಿಗಳೂ ಬಸ್ಸುಗಳೂ ತಮ್ಮ ತಮ್ಮ ವಿಶೇಷಗಳಲ್ಲಿ ಬೇರೆಯಾದರೂ ಸಾಲಿನಲ್ಲಿ ನಿಲ್ಲುವುದರಲ್ಲಿ ಒಂದೇ. ಆ ಸಮಾನವಾದ ಅಂಶವನ್ನು ಒಮ್ಮೆ ಬರೆದು, ವಿಶೇಷಗಳನ್ನು ಮಾತ್ರ ಪ್ರತ್ಯೇಕವಾಗಿ ಸೇರಿಸುವಂತಾದರೆ ಸಾಕಲ್ಲವೇ ಎಂಬ ಪ್ರಶ್ನೆಯಿಂದ ಇದು ಜನ್ಮ ತಾಳಿತು. ನಮ್ಮ ಗ್ರಂಥಾಲಯದಲ್ಲಿ ಸದಸ್ಯ ಎಂಬ ಸಾಮಾನ್ಯ ಕ್ಲಾಸಿನಿಂದ ವಿದ್ಯಾರ್ಥಿ, ಅಧ್ಯಾಪಕ ಎಂಬ ವಿಶೇಷ ಕ್ಲಾಸುಗಳು ಹೊರಡುವುವು. ಹೆಸರು, ವಿಳಾಸ ಎರಡಕ್ಕೂ ಸಮಾನ. ಎರವಲಿನ ಗಡುವನ್ನು ಮಾತ್ರ ಒಂದೊಂದೂ ತನ್ನದೇ ರೀತಿಯಲ್ಲಿ ತಿಳಿಸುವುದು. ಆಗ ಪುಸ್ತಕವನ್ನು ಕೊಡುವ ಭಾಗವು, ನೀನು ವಿದ್ಯಾರ್ಥಿಯೋ ಅಧ್ಯಾಪಕನೋ ಎಂದು ವಿಚಾರಿಸದೆ, ನಿನ್ನ ಗಡುವು ಎಷ್ಟು ಎಂದಷ್ಟೇ ಕೇಳಿದರೆ ಸಾಕು. ಸದಸ್ಯನು ಯಾವ ಬಗೆಯವನೋ ಅದಕ್ಕೆ ತಕ್ಕ ಉತ್ತರವು ಬರುವುದು. ಇದೇ ಪಾಲಿಮಾರ್ಫಿಸಂ. ನಾಳೆ ಸಂಶೋಧಕರೆಂಬ ಮೂರನೆಯ ಬಗೆಯ ಸದಸ್ಯರು ಬಂದರೆ, ಅವರಿಗಾಗಿ ಒಂದು ಕ್ಲಾಸನ್ನು ಸೇರಿಸಿದರಾಯಿತು. ಪುಸ್ತಕವನ್ನು ಕೊಡುವ ಭಾಗದ ಒಂದು ಅಕ್ಷರವನ್ನೂ ಮುಟ್ಟಬೇಕಾಗಿಲ್ಲ.

ಈ ಸೌಕರ್ಯಕ್ಕೆ ಮರುಳಾಗಿ ಎಲ್ಲ ಸಂಬಂಧಗಳನ್ನೂ ಇನ್‌ಹೆರಿಟೆನ್ಸಿನಿಂದಲೇ ಹೆಣೆಯಹೊರಡುವುದು ಆರಂಭದ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಗ್ರಂಥಾಲಯದಲ್ಲಿ ಪುಸ್ತಕಗಳಿವೆ, ಆದುದರಿಂದ ಗ್ರಂಥಾಲಯವು ಪುಸ್ತಕದಿಂದ ಹೊರಡಲಿ ಎಂದು ಬರೆದವರುಂಟು. ಒಂದನ್ನು ಹೊಂದಿರುವುದು ಬೇರೆ, ಒಂದರ ಬಗೆಯಾಗಿರುವುದು ಬೇರೆ. ಇದಕ್ಕಿಂತ ನಯವಾದ ತಪ್ಪುಗಳೂ ಇವೆ. ಗ್ರಂಥಾಲಯದೊಳಗೇ ಓದಬೇಕಾದ ನಿಘಂಟು, ವಿಶ್ವಕೋಶಗಳ ಪ್ರತಿಗಳನ್ನು ಪ್ರತಿ ಎಂಬ ಕ್ಲಾಸಿನ ವಿಶೇಷವೆಂದು ಭಾವಿಸಿ, ಅದರ ಎರವಲು ಕೊಡುವ ಮೆಥಡ್ಡು ಸದಾ ನಿರಾಕರಿಸುವಂತೆ ಬರೆದರೆ, ಪ್ರತಿಯೆಂದರೆ ಎರವಲು ಸಿಗುವಂತಹುದೆಂದು ನಂಬಿ ಬರೆದ ಇತರ ಭಾಗಗಳು ಕುಸಿಯುವುವು. ಸಾಮಾನ್ಯದ ಸ್ಥಾನದಲ್ಲಿ ವಿಶೇಷವನ್ನು ನಿಲ್ಲಿಸಿದಾಗ ಸಾಮಾನ್ಯದ ಮೇಲಣ ಭರವಸೆಯು ಮುರಿಯಕೂಡದೆಂಬ ತತ್ತ್ವವನ್ನು ಬಾರ್ಬರಾ ಲಿಸ್ಕೋವ್ ಅವರು 1987ರ ಭಾಷಣವೊಂದರಲ್ಲಿ ಪ್ರತಿಪಾದಿಸಿದರು. ಅದು ಇಂದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಮತ್ತೊಂದು ತೊಡಕನ್ನು ನೋಡಿ: ಇಂದು ವಿದ್ಯಾರ್ಥಿಯಾಗಿರುವವರು ನಾಳೆ ಅದೇ ಕಾಲೇಜಿನಲ್ಲಿ ಅಧ್ಯಾಪಕರಾಗಬಹುದು; ಆದರೆ ಜಾವಾದಲ್ಲಿ ಒಮ್ಮೆ ಹುಟ್ಟಿದ ಆಬ್ಜೆಕ್ಟು ತನ್ನ ಕ್ಲಾಸನ್ನು ಬದಲಿಸಲಾರದು. ಸದಸ್ಯತ್ವದ ನಿಯಮಗಳನ್ನೇ ಬೇರೊಂದು ಆಬ್ಜೆಕ್ಟಾಗಿ ಮಾಡಿ ಸದಸ್ಯರ ಕೈಗೆ ಕೊಟ್ಟರೆ, ಅದನ್ನು ಬದಲಾಯಿಸಿದರೆ ಸಾಕು. ಬಗೆಗಳನ್ನು ಹೆಚ್ಚಿಸುವುದಕ್ಕೆ ಮೊದಲು ಹೀಗೆ ಜೋಡಿಸಿ ನೋಡಬೇಕೆಂಬ ಉಪದೇಶವು 1994ರಲ್ಲಿ ನಾಲ್ವರು ಲೇಖಕರು ಸೇರಿ ಪ್ರಕಟಿಸಿದ ಡಿಸೈನ್ ಪ್ಯಾಟರ್ನ್ಸ್ ಗ್ರಂಥದ ಮುಖ್ಯ ಸಂದೇಶಗಳಲ್ಲೊಂದು.

ಇಷ್ಟನ್ನೆಲ್ಲ ಯಾವಾಗ, ಹೇಗೆ ಕಲಿಸಬೇಕೆಂಬ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಅಮೆರಿಕದ ಎರಡು ಗಣಕ ಸಂಘಟನೆಗಳು ಕೂಡಿ 2001ರಲ್ಲಿ ಸಿದ್ಧಪಡಿಸಿದ ಮಾದರಿ ಪಠ್ಯಕ್ರಮದಲ್ಲಿ, ಆಜ್ಞೆಗಳಿಂದ ಆರಂಭಿಸುವ ಕ್ರಮ, ಆಬ್ಜೆಕ್ಟುಗಳಿಂದ ಆರಂಭಿಸುವ ಕ್ರಮ, ಗಣಿತದ ಫಂಕ್ಷನ್ನುಗಳಿಂದ ಆರಂಭಿಸುವ ಕ್ರಮ ಇವೆಲ್ಲಕ್ಕೂ ಸ್ಥಾನವಿದ್ದಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವು 2011ರಲ್ಲಿ ತನ್ನ ಪ್ರವೇಶಪಾಠಗಳಿಂದ ಈ ಪದ್ಧತಿಯನ್ನು ಕೈಬಿಟ್ಟು, ಅದರ ಸ್ಥಾನವು ಮುಂದಿನ ಹಂತದಲ್ಲಿರಲೆಂದು ಬಗೆಯಿತು. ಆಬ್ಜೆಕ್ಟುಗಳಿಂದಲೇ ಆರಂಭಿಸಬೇಕೆನ್ನುವವರ ಪೈಕಿ ಮೈಕೇಲ್ ಕೋಲಿಂಗ್ ಮತ್ತು ಜಾನ್ ರೋಸೆನ್‌ಬರ್ಗ್ ಅವರು ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಬ್ಲೂಜೆ ಎಂಬ ಸಾಧನವನ್ನು ನಿರ್ಮಿಸಿ 1999ರಲ್ಲಿ ಲೋಕಕ್ಕೆ ಕೊಟ್ಟರು. ಅದರಲ್ಲಿ ವಿದ್ಯಾರ್ಥಿಯು ಕ್ಲಾಸಿನ ಚಿತ್ರದಿಂದ ನೇರವಾಗಿ ಆಬ್ಜೆಕ್ಟುಗಳನ್ನು ಸೃಷ್ಟಿಸಿ, ಅವುಗಳ ಮೆಥಡ್ಡುಗಳನ್ನು ಒಂದೊಂದಾಗಿ ಕರೆದು, ಒಳಗಿನ ಸ್ಥಿತಿಯು ಹೇಗೆ ಬದಲಾಯಿತೆಂದು ಕಣ್ಣಾರೆ ನೋಡಬಹುದು. ಜಾವಾದ ಮೊದಲ ಪಾಠದಲ್ಲಿಯೇ ಅರ್ಥವಾಗದೆ ನಕಲು ಮಾಡಬೇಕಾಗಿದ್ದ ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್ ಎಂಬ ಸಾಲಿನ ಭಾರವು ಅಲ್ಲಿಲ್ಲ. 2025ರಲ್ಲಿ ಬಂದ ಜಾವಾ 25ರಲ್ಲಿ ಭಾಷೆಯೇ ಮುಂದಾಗಿ, ಆರಂಭದ ಪ್ರೋಗ್ರಾಮುಗಳಿಗೆ ಆ ದೀರ್ಘವಾದ ಸಾಲು ಅನಿವಾರ್ಯವಲ್ಲವೆಂದು ಮಾಡಿರುವುದು ಹೊಸಬರ ಪಾಲಿಗೆ ಉಪಕಾರ.

ಅಧ್ಯಾಪಕರಿಗೆ ನೇರವಾಗಿ ಉಪಯೋಗಕ್ಕೆ ಬರುವ ಎರಡು ಕೃತಿಗಳನ್ನು ಇಲ್ಲಿ ಸ್ಮರಿಸಬೇಕು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಮೂವರು 1997ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ತಪ್ಪು ಗ್ರಹಿಕೆಗಳು ಅನೇಕ ವೇಳೆ ನಾವು ಆರಿಸುವ ಉದಾಹರಣೆಗಳಿಂದಲೇ ಹುಟ್ಟುತ್ತವೆಂದು ತೋರಿಸಿದ್ದಾರೆ: ಒಂದು ಕ್ಲಾಸಿಗೆ ಒಂದೇ ಆಬ್ಜೆಕ್ಟನ್ನು ಮಾಡಿ ತೋರಿಸಿದರೆ ವಿದ್ಯಾರ್ಥಿಯು ಎರಡನ್ನೂ ಒಂದೆಂದು ಭ್ರಮಿಸುವನು, ಆಬ್ಜೆಕ್ಟಿನೊಳಗೆ ಒಂದೇ ಮಾಹಿತಿಯನ್ನಿಟ್ಟರೆ, ಅದು ವೇರಿಯಬಲ್ಲಿಗೇ ಇನ್ನೊಂದು ಹೆಸರೆಂದು ತಿಳಿಯುವನು. ಆದುದರಿಂದ ಮೊದಲ ಉದಾಹರಣೆಯಲ್ಲಿಯೇ ಹಲವು ಆಬ್ಜೆಕ್ಟುಗಳೂ ಅವುಗಳೊಳಗೆ ಬೇರೆ ಬೇರೆ ಬಗೆಯ ಮಾಹಿತಿಗಳೂ ಇರಬೇಕು. ಎರಡನೆಯದು ಕೆಂಟ್ ಬೆಕ್ ಮತ್ತು ವಾರ್ಡ್ ಕನಿಂಗ್‌ಹ್ಯಾಮ್ ಅವರು 1989ರಲ್ಲಿ ಸೂಚಿಸಿದ ಕಾರ್ಡುಗಳ ವಿಧಾನ. 4 ಅಂಗುಲ ಅಗಲ, 6 ಅಂಗುಲ ಉದ್ದದ ಕಾರ್ಡೊಂದರ ಮೇಲೆ ಕ್ಲಾಸಿನ ಹೆಸರು, ಅದರ ಹೊಣೆಗಳು, ಆ ಹೊಣೆಯನ್ನು ನೆರವೇರಿಸುವುದಕ್ಕೆ ಅದು ಯಾರ ನೆರವನ್ನು ಬೇಡುವುದು ಎಂಬ ಮೂರನ್ನು ಬರೆಯುವುದಷ್ಟೇ ಅದರ ಸಾಮಗ್ರಿ. ಕಾರ್ಡಿನಲ್ಲಿ ಎಡೆ ಸಾಲದೆ ಹೋದರೆ, ಆ ಕ್ಲಾಸಿನ ಮೇಲೆ ಹೊಣೆಯನ್ನು ಮಿತಿಮೀರಿ ಹೇರಲಾಗಿದೆಯೆಂದು ತಿಳಿಯಬೇಕು. ತರಗತಿಯಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯ ಕೈಗೆ ಒಂದೊಂದು ಕಾರ್ಡನ್ನು ಕೊಟ್ಟು, ನೀನು ಪ್ರತಿ, ನೀನು ಸದಸ್ಯ, ಈಗ ಒಬ್ಬರು ಪುಸ್ತಕವನ್ನು ಕೇಳಿದ್ದಾರೆ, ಮುಂದೇನು ಎಂದು ನಡೆಸಿ ನೋಡಿದರೆ, ಗಣಕವನ್ನು ಮುಟ್ಟುವ ಮೊದಲೇ ರಚನೆಯ ದೋಷಗಳು ಹೊರಬೀಳುವುವು. ಇದಕ್ಕೆ ವಿದ್ಯುತ್ತೂ ಬೇಡ, ಪ್ರಯೋಗಶಾಲೆಯೂ ಬೇಡ. ನಮ್ಮ ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿಯೂ ಇದು ಇಂದೇ ಸಾಧ್ಯ.

ನಮ್ಮ ಪರೀಕ್ಷೆಗಳ ಕ್ರಮವು ಈ ಬಗೆಯ ಕಲಿಕೆಗೆ ಅನುಕೂಲವಾಗಿಲ್ಲ. ಪಾಲಿಮಾರ್ಫಿಸಂ ಎಂದರೇನು, ಸೋದಾಹರಣವಾಗಿ ವಿವರಿಸಿ ಎಂಬ ಪ್ರಶ್ನೆಗೆ ಉತ್ತರವು ಗೈಡಿನಲ್ಲಿ ಸಿದ್ಧವಾಗಿರುವುದು. ಅದರ ಬದಲು ಒಂದು ಪುಟದ ಪ್ರೋಗ್ರಾಮನ್ನು ಕೊಟ್ಟು, ಗ್ರಂಥಾಲಯದ ನಿಯಮವು ಹೀಗೆ ಬದಲಾಯಿತು, ಇದರಲ್ಲಿ ಎಲ್ಲೆಲ್ಲಿ ತಿದ್ದಬೇಕು, ತಿದ್ದಬೇಕಾದ ಸ್ಥಳಗಳು ಕಡಮೆಯಾಗುವಂತೆ ಇದನ್ನು ಹೇಗೆ ಮಾರ್ಪಡಿಸುವಿರಿ ಎಂದು ಕೇಳಿದರೆ, ಅದಕ್ಕೆ ಉತ್ತರಿಸುವುದಕ್ಕಾಗಿ ವಿದ್ಯಾರ್ಥಿಗಳು ವರ್ಷವೆಲ್ಲ ಬೇರೊಂದು ರೀತಿಯಲ್ಲಿ ಓದುವರು. ಪ್ರಶ್ನೆಯು ಬದಲಾದರೆ ಪಾಠವು ಬದಲಾಗುವುದು. ಹೊಸದಾಗಿ ಬರೆಯುವುದಕ್ಕಿಂತ ಬರೆದುದನ್ನು ಮಾರ್ಪಡಿಸುವುದೇ ಈ ಪದ್ಧತಿಯ ನಿಜವಾದ ಪರೀಕ್ಷೆ. ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳಲ್ಲಿ ನಮ್ಮ ಪದವೀಧರರ ಪಾಲಿಗೆ ಮೊದಲು ಬರುವುದೂ ಬಹುಮಟ್ಟಿಗೆ ಅದೇ ಕೆಲಸ.

ಡಾಲ್ ಮತ್ತು ನ್ಯುಗಾರ್ಡ್ ಅವರಿಗೆ ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯು 2001ನೆಯ ಸಾಲಿಗೆ ಸಂದಿತು; ಮರುವರ್ಷವೇ ಇಬ್ಬರೂ ತೀರಿಕೊಂಡರು. ಅವರು ಕಂಡ ಮಾರ್ಗವು ಎಲ್ಲ ಸಮಸ್ಯೆಗೂ ಏಕೈಕ ಪರಿಹಾರವೆಂದು ನಾನು ವಾದಿಸುವುದಿಲ್ಲ; ಸಣ್ಣ ಲೆಕ್ಕಕ್ಕೆ ನಾಲ್ಕು ಸಾಲಿನ ಫಂಕ್ಷನ್ನು ಸಾಕಾಗಿರುವಲ್ಲಿ ಕ್ಲಾಸುಗಳ ಪರಿವಾರವನ್ನು ಕಟ್ಟುವುದು ವ್ಯರ್ಥ ಶ್ರಮ. ಆದರೆ ಹಲವರು ಕೂಡಿ ಹಲವು ವರ್ಷ ನಡೆಸಬೇಕಾದ ಕಾರ್ಯದಲ್ಲಿ ಹೊಣೆಯನ್ನು ಸ್ಪಷ್ಟವಾಗಿ ಹಂಚುವ ಶಿಸ್ತು ಯಾವ ಭಾಷೆಯಲ್ಲಿ ಬರೆಯುವವರಿಗೂ ಬೇಕು. ಭಾಷೆಗಳು ಬದಲಾದರೂ ಅದು ಉಳಿಯುವುದು. ಈ ವರ್ಷ ಆ ತರಗತಿಯಲ್ಲಿ ಕುಳಿತಿರುವ ವಿದ್ಯಾರ್ಥಿಗಳಿಗೆ ನನ್ನ ವಿಜ್ಞಾಪನೆ ಇಷ್ಟೇ: ನಾಲ್ಕು ಲಕ್ಷಣಗಳನ್ನು ಬಾಯಿಪಾಠ ಮಾಡುವ ಮುನ್ನ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸಣ್ಣ ವ್ಯವಹಾರವನ್ನು ಆರಿಸಿಕೊಳ್ಳಿ, ಅದರಲ್ಲಿ ಯಾರು ಏನನ್ನು ಬಲ್ಲರು, ಯಾರು ಯಾವುದಕ್ಕೆ ಹೊಣೆ ಎಂದು ಕಾಗದದ ಮೇಲೆ ಬರೆಯಿರಿ, ಆಮೇಲೆ ಪ್ರೋಗ್ರಾಮನ್ನು ರಚಿಸಿ, ನಿಯಮವೊಂದನ್ನು ಬೇಕೆಂದೇ ಬದಲಿಸಿ, ಎಷ್ಟು ಕಡೆ ತಿದ್ದಬೇಕಾಯಿತೆಂದು ನೋಡಿರಿ. ಇದನ್ನು ಶ್ರದ್ಧೆಯಿಂದ ಮಾಡಿದವರಿಗೆ ಆ ನಾಲ್ಕು ಲಕ್ಷಣಗಳನ್ನು ಬೇರೆಯಾಗಿ ಕಲಿಯಬೇಕಾದ ಅಗತ್ಯವೇ ಬೀಳದು.